ಕಿತ್ತೂರಿನಿಂದ ಬಂದ ಬಯಕೆ ಬುತ್ತಿ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ನಾನು ಒಳ್ಳೆಯವಳಲ್ಲ. ನಡುವೆ ಎಲ್ಲೋ ನಿಮಗೆ ನನ್ನ ಮೇಲೆ ಕನಿಕರ ಬರಬಹುದು. ಬಂದರೆ ಅಲ್ಲೇ ಬಿಟ್ಟು ಮುಂದೆ ಓದಿ. ಕನಿಕರಕ್ಕೆ ಆಸೆಪಟ್ಟೇ ನಾನು ಕೆಟ್ಟದ್ದು.

ಎರಡು ಸಾವಿರದ ಏಳನೆಯ ಇಸವಿ. ಬೈಲಹೊಂಗಲದಲ್ಲಿ ಬಸಯ್ಯನವರ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಆರು ಕಂಪ್ಯೂಟರ್, ಅದರಲ್ಲಿ ಒಂದಕ್ಕೆ ಮಾತ್ರ ಇಂಟರ್‌ನೆಟ್. ಅದು ಒಂದು ಪುಟ ತೆರೆಯುವುದರೊಳಗೆ ಚಹಾ ಕುಡಿದು ಕಪ್ಪು ಬಸಿ ತೊಳೆದಿಡಬಹುದಿತ್ತು. ಮಧ್ಯಾಹ್ನ ಒಂದರಿಂದ ಎರಡೂವರೆಯ ತನಕ ಕ್ಲಾಸು ಇರುತ್ತಿರಲಿಲ್ಲ, ಬಸಯ್ಯನವರು ಊಟಕ್ಕೆ ಮನೆಗೆ ಹೋಗುತ್ತಿದ್ದರು. ಆ ಒಂದೂವರೆ ತಾಸು ಆ ಕಂಪ್ಯೂಟರ್ ನನ್ನದು.

ಮದುವೆಯಾಗಿ ನಾಲ್ಕು ವರ್ಷದ ಮೇಲೆ ಆ ಮೇ ತಿಂಗಳಲ್ಲಿ ನನಗೆ ಮುಟ್ಟು ನಿಂತಿತು. ಸಂತೋಷಕ್ಕಿಂತ ಹೆಚ್ಚು ಪ್ರಶ್ನೆಗಳು. ಯಾರನ್ನು ಕೇಳಬೇಕು? ನಮ್ಮವ್ವ ತೀರಿಕೊಂಡು ಆಗಲೇ ಆರು ವರ್ಷ. ಅತ್ತೆ ಗುರವ್ವ ಕೆಟ್ಟವರಲ್ಲ, ಆದರೆ ಮಾತು ಅಂದರೆ ಅವರಿಗೆ ಕೈಯಿಂದ ಖರ್ಚಾದಂತೆ. ವಾಂತಿ ನಿಲ್ಲುತ್ತಿಲ್ಲ ಅಂದರೆ, “ಎಲ್ಲಾರ್ಗೂ ಆಗತೈತಿ, ಸುಮ್ನಿರು” ಅಂತ ರೊಟ್ಟಿ ಬಡಿಯಲು ಕುಳಿತುಬಿಡುತ್ತಿದ್ದರು. ಗಂಡ ಬಾಳೇಶನನ್ನು ಕೇಳಿದರೆ ಅವನು ಅತ್ತೆಯನ್ನು ಕೇಳು ಅನ್ನುತ್ತಿದ್ದ. ಸರಿ, ನಾನು ಕಂಪ್ಯೂಟರನ್ನೇ ಕೇಳಿದೆ.

ಅದು ಒಂದು ಜಾಲತಾಣಕ್ಕೆ ಕರೆದುಕೊಂಡು ಹೋಯಿತು. ಹೆರುವ ತಿಂಗಳಿಗೆ ಒಂದೊಂದು ಗುಂಪು. ನನ್ನದು ‘ಜನವರಿ ತಾಯಂದಿರು’. ಅದರೊಳಗೆ ಮೂವತ್ತು ಮಂದಿ ಕನ್ನಡದ ಹೆಂಗಸರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಎದೆ ಉರಿದರೆ ಏನು ಮಾಡಬೇಕು, ಕಬ್ಬಿಣದ ಗುಳಿಗೆ ನುಂಗಿದರೆ ಹೊಟ್ಟೆ ಕಟ್ಟುತ್ತದೆಯೇ, ಗಂಡನ ಮೇಲೆ ಸುಮ್ಮನೆ ಸಿಟ್ಟು ಬರುತ್ತದೆ ಯಾಕೆ, ಎಲ್ಲವೂ ಅಲ್ಲಿತ್ತು. ಮೈಸೂರಿನ ಮಧು ಎಂಬಾಕೆ ನನ್ನ ವಾಂತಿಯ ಗೋಳು ಓದಿ, “ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಎರಡು ಬಿಸ್ಕತ್ತು ತಿನ್ನಿ ಮಂಜುಳಾ, ಆಮೇಲೆ ಎದ್ದೇಳಿ” ಅಂತ ಬರೆದಳು. ನಾಲ್ಕು ದಿನ ಬಿಟ್ಟು, “ಕಡಿಮೆ ಆಯ್ತಾ?” ಅಂತ ಕೇಳಿದಳು. ನನ್ನ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಉತ್ತರ ಬರೆಯುವ ಮೊದಲೇ ಮಧುಗೆ ಹೊಟ್ಟೆಯಲ್ಲಿದ್ದದ್ದು ಹೋಯಿತು.

ಅವಳೇ ಬರೆದಳು, ನಾಲ್ಕು ಸಾಲು. ಎಲ್ಲರೂ ಸಮಾಧಾನ ಹೇಳಿದರು. ಮೂರನೆಯ ದಿನ ಗುಂಪು ನಡೆಸುವಾಕೆ ಅವಳ ಹೆಸರನ್ನು ನಮ್ಮ ಪಟ್ಟಿಯಿಂದ ತೆಗೆದು ‘ಕಳೆದುಕೊಂಡವರು’ ಎಂಬ ಬೇರೊಂದು ವಿಭಾಗಕ್ಕೆ ಹಾಕಿದಳು. ಬಸುರಿಯರ ಮನಸ್ಸಿಗೆ ಭಯವಾಗಬಾರದು, ಮಧು ಅವರಿಗೂ ಇದೇ ಒಳ್ಳೆಯದು ಅಂತ ಒಂದು ಟಿಪ್ಪಣಿ. ನಾನೂ ಹೌದು ಅಂದುಕೊಂಡೆ. ನಮ್ಮಲ್ಲಿ ಕುಬಸದ, ಅಂದರೆ ಸೀಮಂತದ, ಮನೆಗೆ ಗರ್ಭ ಕಳೆದುಕೊಂಡವಳನ್ನು ಕರೆಯುವುದಿಲ್ಲವಲ್ಲ, ಇದೂ ಹಾಗೆಯೇ. ಆ ವಿಭಾಗವನ್ನು ನಾನು ಒಮ್ಮೆಯೂ ತೆರೆದು ನೋಡಲಿಲ್ಲ. ಅವಳು ಹೇಳಿದ ಬಿಸ್ಕತ್ತು ಮಾತ್ರ ತಪ್ಪದೆ ತಿಂದೆ.

ಮೂರನೆಯ ತಿಂಗಳಿಗೆ ಅತ್ತೆ ನನಗೆ ಕಳ್ಳ ಕುಬಸ ಮಾಡಿದರು. ಊರಿಗೆಲ್ಲ ಹೇಳಿ ಮಾಡುವ ಕುಬಸ ಏಳರಲ್ಲೋ ಒಂಬತ್ತರಲ್ಲೋ. ಅದಕ್ಕೆ ಮೊದಲು ಯಾರ ಕಣ್ಣೂ ಬೀಳದಂತೆ ಮನೆಯೊಳಗೇ ಬಾಗಿಲು ಮುಂದೆ ಮಾಡಿ ಹಸಿರು ಬಳೆ, ಹಸಿರು ಸೀರೆ, ಒಂದು ರವಿಕೆ ಕಣ ಕೊಟ್ಟು ಉಡಿ ತುಂಬುವುದೇ ಕಳ್ಳ ಕುಬಸ. ಅಂದು ರಾತ್ರಿಯಿಂದ ಅತ್ತೆ ತಮ್ಮ ಹಳೆಯ ಇಳಕಲ್ ಸೀರೆ ಹರಿದು, ಮಗುವಿಗೆಂದು ಒಂದು ಸಣ್ಣ ಕೌದಿ ಹೊಲಿಯತೊಡಗಿದರು. ಒಂದು ಮಾತು ಆಡಲಿಲ್ಲ, ಸೂಜಿ ಮಾತ್ರ ಓಡುತ್ತಿತ್ತು.

ಜುಲೈ ಕೊನೆಯಲ್ಲಿ ಎಲ್ಲ ಮುಗಿಯಿತು. ಎರಡು ದಿನ ದವಾಖಾನೆ, ಆರು ದಿನ ಹಾಸಿಗೆ. ಓಣಿಯವರಿಗೆ ಜ್ವರ ಅಂತ ಹೇಳಿದರು. ಬಸುರಿಯಾದದ್ದೇ ಯಾರಿಗೂ ಗೊತ್ತಿರದ ಮೇಲೆ, ಹೋದದ್ದಕ್ಕೆ ಮಾತನಾಡಿಸಲು ಯಾರು ಬರುತ್ತಾರೆ? ಅತ್ತೆ ಬಿಸಿನೀರು ಕಾಸಿ ಹಾಕಿದರು, ಹಸಿರು ಬಳೆ ತೆಗೆದು ಬೇರೆ ಬಳೆ ಇಟ್ಟರು, ಮುಗಿಯದ ಕೌದಿಯನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟರು. ಬಾಳೇಶ ದಿನಾ ಸಂಜೆ ಬರುವಾಗ ಎರಡು ಪೇರಲಹಣ್ಣು ತರುತ್ತಿದ್ದ. ನನಗೆ ಯಾರಾದರೂ ಎದುರಿಗೆ ಕುಳಿತು, “ಏನಾತು ಹೇಳು” ಅನ್ನಬೇಕಾಗಿತ್ತು. ಯಾರೂ ಅನ್ನಲಿಲ್ಲ.

ಒಂಬತ್ತನೆಯ ದಿನ ಕೆಲಸಕ್ಕೆ ಹೋದೆ. ಗುಂಪಿಗೆ ನಿಜ ಬರೆಯಬೇಕೆಂದೇ ಕಂಪ್ಯೂಟರಿನ ಮುಂದೆ ಕುಳಿತೆ. ಪುಟ ತೆರೆದರೆ ಹನ್ನೊಂದು ಸಲ ಕೇಳಿದ್ದರು: ಮಂಜುಳಾ ಎಲ್ಲಿ? ಮಂಜುಳಾಗೆ ಏನಾಯಿತು? ಅದರಲ್ಲಿ ನಾಲ್ಕು ಕಿತ್ತೂರಿನ ಮೀನಾ ಒಬ್ಬಳೇ ಬರೆದವು.

ಮೀನಾ ನನಗಿಂತ ಮೂರು ವರ್ಷ ಚಿಕ್ಕವಳು, ಚೊಚ್ಚಲ ಬಸುರಿ, ಗಂಡ ಸಚಿನನ ಜೊತೆ ಪುಣೆಯಲ್ಲಿದ್ದಳು. ನಾನು ಬೈಲಹೊಂಗಲದವಳು ಅಂತ ಗೊತ್ತಾದ ದಿನ ಅವಳು ಬರೆದಿದ್ದಳು: “ಅಯ್ಯ ನಮ್ಮವ್ವಾ! ನಮ್ಮ ಕಡಿಯಾವ್ರು ಒಬ್ರರ ಸಿಕ್ರಲ್ಲ. ಇಲ್ಲಿ ಎಲ್ಲಾರೂ ಬೆಂಗಳೂರು ಕನ್ನಡಾ ಬರೀತಾರ, ಓದಿದ್ರ ನಗಿ ಬರತೈತಿ. ನಿಮ್ಮನ್ನ ಮಂಜಕ್ಕ ಅಂತೇನಿ, ಸಿಟ್ಟಾಗಬ್ಯಾಡ್ರಿ.” ಅಂದಿನಿಂದ ನಾವಿಬ್ಬರೂ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆವು. ಅವಳಿಗೂ ಜನವರಿ ಮೊದಲ ವಾರ, ನನಗೂ ಜನವರಿ ಮೊದಲ ವಾರ.

‘ನನ್ನ ಕೂಸು’ ಅಂತ ಎರಡು ಶಬ್ದ ಒತ್ತಿದೆ. ಬೆರಳು ನಿಂತಿತು. ಮೂರು ದಿನ ಸಮಾಧಾನ ಹೇಳುತ್ತಾರೆ, ಆಮೇಲೆ ನನ್ನನ್ನೂ ಎತ್ತಿ ಮಧು ಇರುವ ಕಡೆ ಹಾಕುತ್ತಾರೆ. ಮನೆಯಲ್ಲಂತೂ ಕೇಳುವವರಿಲ್ಲ, ಇಲ್ಲಿಯೂ ಇಲ್ಲದಂತಾಗುತ್ತದೆ. ಅಳಿಸಿದೆ. ‘ಜ್ವರ ಬಂದಿತ್ರಿ. ಈಗ ಆರಾಮ’ ಅಂತ ಬರೆದೆ. ಕೂಸು ಹೇಗಿದೆ ಅಂತ ಮೀನಾ ಕೇಳಿದಳು. ‘ಆರಾಮ’ ಅಂತ ಮತ್ತೊಮ್ಮೆ ಬರೆದೆ. ನನ್ನ ಕೈ ಸೇದಿಹೋಗಬಾರದಿತ್ತೇ ಆಗ!

ಒಂದು ದಿನದ ಮಟ್ಟಿಗೆ ಅಂದುಕೊಂಡಿದ್ದೆ. ಆದರೆ ಆ ಜಾಲತಾಣ ವಾರಕ್ಕೊಂದು ಪತ್ರ ಕಳಿಸುತ್ತಿತ್ತು, ಅದಕ್ಕೇನು ಗೊತ್ತು? ಈ ವಾರ ನಿಮ್ಮ ಮಗು ಬಾಳೆಹಣ್ಣಿನಷ್ಟು ಉದ್ದ, ಈ ವಾರ ಅದಕ್ಕೆ ನಿಮ್ಮ ದನಿ ಕೇಳಿಸುತ್ತದೆ. ಅದನ್ನು ಓದಿ ಅದರಂತೆಯೇ ಬರೆಯುತ್ತಿದ್ದೆ. ಎಡಕ್ಕೆ ಒದೆಯಾಕತ್ತೇತಿ, ಉಂಡ ಮ್ಯಾಲ ಬಿಕ್ಕತೈತಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಬರೆಯುವಾಗ ಸುಖವಾಗುತ್ತಿತ್ತು. ಬರೆದು ಮನೆಗೆ ನಡೆಯುವಾಗ ಮಾತ್ರ ಎದುರಿಗೆ ಬಂದವರ ಮುಖ ನೋಡಲಾಗುತ್ತಿರಲಿಲ್ಲ. ಅವರಿಗೇನೂ ಗೊತ್ತಿರಲಿಲ್ಲ. ಆದರೂ ತಲೆತಗ್ಗಿಸಿಕೊಂಡೇ ನಡೆಯುತ್ತಿದ್ದೆ.

ಅಕ್ಟೋಬರದಲ್ಲಿ ಮೀನಾ ಹೆರಿಗೆಗೆಂದು ಕಿತ್ತೂರಿಗೆ, ತವರಿಗೆ ಬಂದಳು. ಅಲ್ಲಿ ಹೆದ್ದಾರಿಯ ಹತ್ತಿರದ ಸೈಬರಿನಿಂದ ಬರೆಯುತ್ತಿದ್ದಳು. ನವೆಂಬರ್ ನಡುವೆ ಒಂದು ದಿನ ಬರೆದಳು: “ಮಂಜಕ್ಕ, ನನ್ನ ಕಾಲು ಬಾತಾವ್ರಿ. ಚಪ್ಪಲಿ ಹಿಡಿಯವಲ್ವು. ನಿಮಗೂ ಹಂಗ ಆಗೇತೇನು?”

ನಾನು ಹುಡುಕಿ ಓದಿದೆ. ನನ್ನ ಇಂಗ್ಲಿಷ್ ಅಷ್ಟೇನೂ ಕೆಟ್ಟದ್ದಲ್ಲ. ಬಸುರಿಯರಿಗೆ ಕಾಲು ಬಾಯುವುದು ಸಾಮಾನ್ಯ, ಕಾಲು ಎತ್ತರಕ್ಕೆ ಇಟ್ಟು ಮಲಗಿ ಅಂತಿತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಎರಡು ಸಾಲು. ಮುಖ, ಕೈ ಬಾತರೆ, ತಲೆನೋವು ಬಿಡದಿದ್ದರೆ, ಕಣ್ಣ ಮುಂದೆ ಬೆಳಕಿನ ಚುಕ್ಕಿ ಹಾರಿದರೆ ಒಂದು ತಾಸೂ ಕಾಯಬೇಡಿ, ಡಾಕ್ಟರ ಬಳಿಗೆ ಹೋಗಿ. ಆ ಎರಡು ಸಾಲನ್ನು ನಾನು ಓದಿದೆ. ಓದಿದೆ ಅಂತ ಒತ್ತಿ ಹೇಳುತ್ತಿದ್ದೇನೆ. ಆದರೆ ಅದನ್ನು ಬರೆದರೆ, ನಿಮ್ಮ ಡಾಕ್ಟರ್ ಬಿಪಿ ನೋಡಿದ್ರೇನು, ಎಷ್ಟಿತ್ತು, ಏನಂದ್ರು ಅಂತ ಮೀನಾ ಬೆನ್ನು ಹತ್ತುತ್ತಾಳೆ. ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಲು ಅಂದು ನನಗೆ ಬೇಸರ ಬಂದಿತ್ತು. ಬೇಸರ! ಅಷ್ಟೇ ಕಾರಣ. ‘ನನಗೂ ಬಾತಾವು ನಮ್ಮವ್ವಾ. ಡಾಕ್ಟರಬಾಯಿ ಏನಿಲ್ಲ ಅಂದ್ರು’ ಅಂತ ಬರೆದು ಎದ್ದೆ.

ಎಂಟು ದಿನ ಬಿಟ್ಟು ಅವಳಿಗೆ ತಲೆನೋವು. ‘ನನಗೂ. ಥಂಡಿಗೆ ಹಂಗ ಆಗತೈತಿ’ ಅಂದೆ. “ಹೌದಲ್ಲ, ನಮ್ಮಿಬ್ರದೂ ಒಂದ ನಮೂನಿ” ಅಂತ ಅವಳು ನಕ್ಕ ಗುರುತು ಹಾಕಿದಳು.

ನವೆಂಬರಿನ ಕೊನೆಯ ರವಿವಾರ. ಬಾಳೇಶ ಸವದತ್ತಿಗೆ ಹೋಗಿದ್ದ. ನಾನು ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಬಾಗಿಲ ಮುಂದೆ ಒಂದು ಜೀಪು ನಿಂತ ಸದ್ದು. ಅತ್ತೆ ಎದ್ದುಹೋದರು. ಹೊರಗೆ ಒಬ್ಬ ಹೆಂಗಸಿನ ದನಿ: “ಕಂಪ್ಯೂಟರ್ ಕಲಸೂ ಮಂಜುಳಾ ಅವರ ಮನಿ ಇದ ಏನ್ರಿ? ಬಸರಿ ಅದಾರಲ್ಲ, ಅವರು? ನಾವು ಕಿತ್ತೂರಿನಾವ್ರು. ಯರಗಟ್ಟಿಗೆ ನಮ್ಮ ಅಣ್ಣನ ಮನಿಗೆ ಹೊಂಟಿದ್ವಿ. ನನ್ನ ಮಗಳು, ಮಂಜಕ್ಕನ ಬುತ್ತಿ ಕೊಟ್ಟ ಹೋಗೂದ ಅಂತ ಹಟಾ ಹಿಡದಾಳ.”

ಬಸುರಿಗೆ ಬಯಕೆ ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ! ನನಗೆ! ಕಾಯಿ ಚೆಲ್ಲಿ ಒಳಕೋಣೆಗೆ ಓಡಿದೆ. ಹಿತ್ತಲ ಬಾಗಿಲಿನಿಂದ ಹೊರಗೆ ಓಡಬಹುದಿತ್ತು. ಕದ ಹಾಕಿಕೊಂಡು ಇಲ್ಲ ಅನ್ನಿಸಬಹುದಿತ್ತು. ಅದ್ಯಾವುದೂ ಹೊಳೆಯಲಿಲ್ಲ. ಟ್ರಂಕು ತೆರೆದೆ, ತಳದಲ್ಲಿದ್ದ ಆ ಸಣ್ಣ ಕೌದಿಯನ್ನು ಎಳೆದೆ, ಮಡಚಿ ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸೀರೆ ಬಿಗಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತವೆ. ನನ್ನ ಕೂಸಿನ ಕೌದಿ. ಅದಕ್ಕೆಂದೇ ಹೊಲಿದದ್ದು.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಅವರ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು. ಸೆರಗಿನ ಮರೆಯಿಂದ ಇಳಕಲ್ ಸೀರೆಯ ಕೆಂಪು ಅಂಚು ಒಂದು ಚೂರು ಇಣುಕುತ್ತಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಅತ್ತೆ ಹತ್ತಿರ ಬಂದು ಆ ಚೂರನ್ನು ಬೆರಳಿನಿಂದ ಒಳಗೆ ಸೇರಿಸಿದರು. “ಬಂದಾವ್ರು ಕುಂತಾರ. ಬಾ” ಅಂದು ಹೊರಟುಹೋದರು.

ಹೊರಗೆ ಬಂದೆ. ಮೀನಾ ಗೋಡೆಗೆ ಆತು ಕುಳಿತಿದ್ದಳು. ಗುಂಪಿನಲ್ಲಿ ಅವಳ ಒಂದು ಫೋಟೋ ನೋಡಿದ್ದೆ, ಚೂಪು ಗದ್ದದ ತೆಳು ಮುಖ. ಎದುರಿಗೆ ಕುಳಿತವಳ ಮುಖ ಹಿಟ್ಟಿನ ಉಂಡೆಯ ಹಾಗೆ ತುಂಬಿತ್ತು, ಕಣ್ಣು ಸಣ್ಣಗಾಗಿದ್ದವು. ನನ್ನನ್ನು ನೋಡಿದ್ದೇ ಎರಡೂ ಕೈ ಚಾಚಿದಳು. “ಮಂಜಕ್ಕ! ಖರೇನ ನೀವ ಏನು? ಅಯ್ಯ, ನಿಮ್ಮ ಹೊಟ್ಟಿ ನನಗಿಂತ ಸಣ್ಣದ ಐತಲ್ಲ!” ಕೈ ಹಿಡಿದರೆ ಬೆರಳು ಬಾತು ಗಟ್ಟಿಯಾಗಿದ್ದವು. ಉಂಗುರವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು.

ಅವಳ ತಾಯಿ ಕೃಷ್ಣವ್ವ ಡಬ್ಬಿ ಬಿಚ್ಚತೊಡಗಿದರು. ಐದು ಅಂತಸ್ತಿನ ಹಿತ್ತಾಳೆಯ ಡಬ್ಬಿ. ಶೇಂಗಾ ಹೋಳಿಗೆ, ಕರಿಗಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. “ನಿನಗ ಬದ್ನಿಕಾಯಿ ಎಣ್ಣಿಗಾಯಿ ಬಯಕಿ ಅಂತ ಬರದಿದ್ದೆಲ್ಲವಾ, ಅದಕ್ಕ ನಸುಕಿನ್ಯಾಗ ಎದ್ದ ಮಾಡೇನಿ” ಅಂದರು. ಹೌದು, ಬರೆದಿದ್ದೆ. ಇಪ್ಪತ್ತಾರನೆಯ ವಾರದಲ್ಲಿ.

ಅತ್ತೆ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ರವಿಕೆ ಕಣ ತಂದಿಟ್ಟರು. ಮನೆಗೆ ಬಂದ ಬಸುರಿಯನ್ನು ಉಡಿ ತುಂಬದೆ ಕಳಿಸುವಂತಿಲ್ಲ. ತುಂಬಬೇಕಾದವಳು ನಾನು. ಗರ್ಭ ಕಳೆದುಕೊಂಡ ಕೈ ಬಸುರಿಯ ಉಡಿ ಮುಟ್ಟಬಾರದು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ನನ್ನ ಮುಖ ನೋಡಲಿಲ್ಲ. ಮೊರವನ್ನು ನಮ್ಮಿಬ್ಬರ ನಡುವೆ ಇಟ್ಟು ಹಿಂದೆ ಸರಿದು ಕುಳಿತರು.

“ಹೂಂ, ತುಂಬ್ರಿ ಮಂಜಕ್ಕ. ಲಗೂನ ಹೋಗಬೇಕು” ಅಂದಳು ಮೀನಾ. ಹಣೆ ಒತ್ತಿಕೊಂಡಳು. “ನಿನ್ನಿಂದ ಈ ತಲಿ ಒಂದು ಸಾಯಾಕತ್ತೇತಿ. ಕಣ್ಣ ಮುಂದ ಮಿಂಚ ಹುಳ ಹಾರಿದಂಗ ಆಗತೈತಿ. ಅವ್ವ ದವಾಖಾನಿಗೆ ಹೋಗೂಣು ಹೋಗೂಣು ಅಂತಾಳ. ನಾ ಹೇಳಿದ್ನಿ, ಮಂಜಕ್ಕಗೂ ಕಾಲು ಬಾತಾವು, ಆಕಿಗೂ ತಲಿ ನೋಯತೈತಿ, ಆಕಿ ಡಾಕ್ಟರಬಾಯಿ ಏನಿಲ್ಲ ಅಂದಾರ ಅಂತ. ಹೌದಿಲ್ಲೋ? ನೀವ ಹೇಳ್ರಿ ನಮ್ಮವ್ವಗ.”

ಕೃಷ್ಣವ್ವ ನನ್ನ ಕಡೆ ತಿರುಗಿದರು. ನಾನು ಏನು ಹೇಳುತ್ತೇನೋ ಅದನ್ನು ನಂಬುವ ಮುಖ.

ಕೆಂಪು ಅಕ್ಷರದ ಆ ಎರಡು ಸಾಲು ನನ್ನ ಕಣ್ಣ ಮುಂದೆ ಬಂದವು. ಮುಖ, ಕೈ, ತಲೆನೋವು, ಬೆಳಕಿನ ಚುಕ್ಕಿ. ಒಂದೂ ಬಿಟ್ಟಿರಲಿಲ್ಲ. ದವಾಖಾನೆಗೆ ಹೋಗಿ ಅಂತಷ್ಟೇ ಹೇಳಿ ಸುಮ್ಮನಾದರೆ ಸಾಲದೇ ಅಂತ ಯೋಚಿಸಿದೆ. ಅಂಥ ಹೊತ್ತಿನಲ್ಲೂ ನನ್ನ ಮಾನ ಉಳಿಸಿಕೊಳ್ಳುವ ದಾರಿ ಹುಡುಕಿದೆ ನೋಡಿ! ಹೇಳಿಯೂ ಹೇಳಿದೆ: “ಮೀನಾ, ಇವತ್ತ ದವಾಖಾನಿಗೆ ಹೋಗು. ಯರಗಟ್ಟಿ ಬ್ಯಾಡ.”

ಅವಳು ನಕ್ಕಳು. “ನೀವೂ ಅವ್ವನಂಗ ಆಡಾಕತ್ರಿ! ನಿಮಗ ಆದಾಗ ನೀವು ಹೋದ್ರೇನು? ಯರಗಟ್ಟಿಯಿಂದ ಬಂದ ಮ್ಯಾಲ ಸೋಮವಾರ ತೋರಿಸಿದ್ರಾತು. ನಿಮಗ ಏನೂ ಆಗಿಲ್ಲಂದ್ರ ನನಗೇನ ಆಗತೈತಿ?”

ನಾನು ಎದ್ದು ನಿಂತೆ. ಸೆರಗು ಸರಿಸಿದೆ. ಗಂಟು ಬಿಚ್ಚಲಿಲ್ಲ, ಜಗ್ಗಿ ಎಳೆದೆ. ಕೌದಿಯನ್ನು ಅವಳ ಮುಂದೆ, ಅಕ್ಕಿಯ ಮೊರದ ಪಕ್ಕದಲ್ಲಿ ಇಟ್ಟೆ.

“ಇದು ನನ್ನ ಹೊಟ್ಟಿ. ನನ್ನ ಕೂಸು ಶ್ರಾವಣಕ್ಕ ಮೊದಲ ಹೋತು. ನನಗ ಕಾಲು ಬಾತಿಲ್ಲ, ತಲಿ ನೋವಿಲ್ಲ. ಯಾ ಡಾಕ್ಟರೂ ಏನೂ ಅಂದಿಲ್ಲ. ಎಲ್ಲಾ ಸುಳ್ಳ ಬರದೇನಿ. ನಿನಗ ಆಗಿದ್ದು ಭಾಳ ಕೆಟ್ಟದ್ದು, ಜೀವಕ್ಕ ಕುತ್ತು ಅಂತ ನಾ ಓದೇನಿ. ಓದಿ ನಿನಗ ಹೇಳಿಲ್ಲ. ಏಳು ಮೀನಾ, ನಿನ್ನ ಕಾಲಿಗೆ ಬೀಳತೇನಿ, ಏಳು.”

ಕೃಷ್ಣವ್ವನ ದನಿ ಏರಿತು. “ಏನ ಹೆಂಗಸ ನೀನು! ನಿನ್ನ ಮಾತ ಕಟಗೊಂಡು ನನ್ನ ಮಗಳು ಹದಿನೈದ ದಿನಾ ದವಾಖಾನಿ ಮೆಟ್ಟಲಾ ಹತ್ತಲಿಲ್ಲ. ನಿನಗ ಏನ್ ಮಾಡಿದ್ವಿ ನಾವು? ನಾಚಿಕಿ ಆಗಲಿಲ್ಲೇನ ನಿನಗ?”

“ಬೈಯೂದು ಆಮ್ಯಾಲ” ಅಂದರು ನಮ್ಮ ಅತ್ತೆ. ಅವರು ಆಗಲೇ ಎದ್ದು ಚಪ್ಪಲಿ ಮೆಟ್ಟಿದ್ದರು. “ಎಷ್ಟ ಬೇಕಾದ್ರೂ ಬೈರಿ, ನಾನೂ ಕೂಡತೇನಿ. ಮೊದಲ ಗಾಡಿ ಹತ್ರಿ. ಹೆರಿಗಿ ದವಾಖಾನಿ ನಾ ತೋರಸ್ತೇನಿ.”

ಮೀನಾ ಕೌದಿಯನ್ನೇ ನೋಡುತ್ತಿದ್ದಳು. ತಾಯಿ ಹಿಡಿದೆಬ್ಬಿಸಿದರು, ಬಾಗಿಲ ತನಕ ಹೋದಳು. ಅಲ್ಲಿ ನಿಂತು ತಿರುಗಿದಳು. ಬಾತ ಕೈಗಳಿಂದ ಸೆರಗನ್ನು ಮುಂದಕ್ಕೆ ಚಾಚಿದಳು.

“ತುಂಬ್ರಿ.”

“ಬ್ಯಾಡ ಮೀನಾ. ನನ್ನ ಕೈ...”

“ನಾಕ ತಿಂಗಳಾ ದಿನಾ ನನಗ ಸುಳ್ಳ ಹೇಳಾಕ ನಾಚಿಕಿ ಬರಲಿಲ್ಲ, ಉಡಿ ತುಂಬಾಕ ಬಂತೇನು?” ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿಯಲ್ಲಿ ಮಾತ್ರ ಬರೀ ಸಿಟ್ಟು. “ಹೋತು ಅಂತ ಒಂದ ಮಾತ ಬರದಿದ್ರ ನಾ ಅವತ್ತ ಬಸ್ ಹತ್ತಿ ಬರತಿದ್ನಿ. ಪುಣೆದಿಂದ ಬರತಿದ್ನಿ. ತುಂಬ್ರಿ ಅಂದ್ನೆಲ್ಲ!”

ಕೃಷ್ಣವ್ವ ಬೇಡವೆಂದು ಕೈ ಅಡ್ಡ ತಂದರು. ಮೀನಾ ಆ ಕೈ ಸರಿಸಿದಳು. ನಾನು ಮೊರ ಎತ್ತಿಕೊಂಡೆ. ಐದು ಹಿಡಿ ಅಕ್ಕಿ ಹಾಕಬೇಕು, ಅರ್ಧ ನೆಲಕ್ಕೆ ಚೆಲ್ಲಿತು. ಅತ್ತೆ ಕೌದಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೋಗಿ ಜೀಪಿನಲ್ಲಿ ಮೀನಾಳ ತಲೆಯ ಕೆಳಗೆ ಇಟ್ಟರು. ನಾನೂ ಹತ್ತಲು ಹೋದೆ. “ನೀ ಮನ್ಯಾಗ ಇರು” ಅಂದರು. ಜೀಪು ಹೋಯಿತು.

ಸಂಜೆಯ ತನಕ ನಾನು ಆ ತೆರೆದ ಡಬ್ಬಿಯ ಮುಂದೆ ಕುಳಿತಿದ್ದೆ. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿದೆ. ದೇವರಿಗೆ ಕೈಮುಗಿಯಲೂ ನಾಚಿಕೆ. ಏನಂತ ಬೇಡುವುದು? ನನ್ನ ಸುಳ್ಳನ್ನು ನೀನು ಸರಿಮಾಡು ಅಂತಲೇ?

ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ಬಿಪಿ ನೂರಾ ಎಂಬತ್ತು ದಾಟಿತ್ತಂತೆ. ಇಲ್ಲಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ಹಾಗೆಯೇ ಬೆಳಗಾವಿಗೆ ಕಳಿಸಿದ್ದರು. ಇನ್ನೊಂದು ದಿನ ಬಿಟ್ಟಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ ಅಂದರಂತೆ. ಅತ್ತೆ ಕೈಕಾಲು ತೊಳೆದು ಬಂದು ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಒಂದು ಹೋಳಿಗೆ ಹಾಕಿ ನನ್ನ ಮುಂದೆ ಇಟ್ಟರು.

“ನನಗ ಬ್ಯಾಡತ್ತಿ. ಇದು ಬಸರಿಗೆ ತಂದದ್ದು.”

“ನಿನಗ ತಂದದ್ದು. ಉಣ್ಣು.” ತಾಟನ್ನು ಇನ್ನಷ್ಟು ಹತ್ತಿರ ಸರಿಸಿದರು. “ಏನಾತು ಅಂತ ನಾ ಕೇಳಬೇಕಾಗಿತ್ತ ನಿನ್ನ. ಮಾತಾಡಿದ್ರ ನೀ ಅಳತೀ ಅಂತ ಕೇಳಲಿಲ್ಲ. ತಪ್ಪಾತು.”

ಅತ್ತೆ ನನಗೆ ತಪ್ಪಾಯಿತು ಅಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅಳುತ್ತಲೇ ಉಂಡೆ. ಎಣ್ಣೆಗಾಯಿ ತುಂಬ ರುಚಿಯಾಗಿತ್ತು, ಅದೂ ಒಂದು ನಾಚಿಕೆ.

ನಾಲ್ಕನೆಯ ದಿನ ಕೃಷ್ಣವ್ವ ಬಾಳೇಶನ ಮೊಬೈಲಿಗೆ ಫೋನು ಮಾಡಿ, ಅತ್ತೆಗೆ ಕೊಡು ಅಂದರಂತೆ. ನನ್ನ ಜೊತೆ ಮಾತಾಡಲಿಲ್ಲ. ಕೊಯ್ದು ತೆಗೆದರಂತೆ, ಹೆಣ್ಣು ಮಗು, ಒಂದೂಮುಕ್ಕಾಲು ಕಿಲೋ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ. ಮೀನಾಗೆ ಒಮ್ಮೆ ಫಿಟ್ಸ್ ಬಂದಿತ್ತು, ಈಗ ಕಣ್ಣು ಬಿಟ್ಟಿದ್ದಾಳೆ. ಅತ್ತೆ ಡಬ್ಬಿ ತೊಳೆದು ಬೋರಲು ಹಾಕಿದರು. ಖಾಲಿ ಡಬ್ಬಿ ತಿರುಗಿ ಕೊಡುವ ರೂಢಿ ನಮ್ಮಲ್ಲಿಲ್ಲ. ಅದರಲ್ಲಿ ಏನು ತುಂಬಿಕೊಂಡು, ಯಾವ ಮುಖ ಹೊತ್ತು ಕಿತ್ತೂರಿಗೆ ಹೋಗಬೇಕೋ ನನಗೆ ತಿಳಿಯಲಿಲ್ಲ.

ಮಾರನೆಯ ಮಧ್ಯಾಹ್ನ ಬಸಯ್ಯನವರು ಊಟಕ್ಕೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಗುಂಪಿಗೆ ಎಲ್ಲ ಬರೆದೆ. ಜುಲೈಯಿಂದ ಹಿಡಿದು ಕೌದಿಯ ತನಕ, ಕೆಂಪು ಸಾಲುಗಳ ಸಹಿತ. ನನ್ನನ್ನು ಮೆಚ್ಚಿಸುವ ಒಂದು ಶಬ್ದವನ್ನೂ ಇಡಲಿಲ್ಲ. ಕಾಲು ಬಾತರೆ ಯಾರ ಮಾತೂ ಕೇಳಬೇಡಿ, ನನ್ನಂಥವಳ ಮಾತಂತೂ ಬೇಡವೇ ಬೇಡ, ಹೋಗಿ ಬಿಪಿ ನೋಡಿಸಿ ಅಂತ ಮುಗಿಸಿದೆ.

ಎರಡು ದಿನ ಬಿಟ್ಟು ನೋಡಿದರೆ ಜನವರಿ ತಾಯಂದಿರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಬೈದವರಿದ್ದರು, ಬೈಯುವುದು ಸರಿಯೇ ಆಗಿತ್ತು. ಗುಂಪು ನಡೆಸುವಾಕೆ ನನ್ನನ್ನೂ ‘ಕಳೆದುಕೊಂಡವರು’ ವಿಭಾಗಕ್ಕೆ ಹಾಕಿದ್ದಳು. ನಾಲ್ಕು ತಿಂಗಳು ನಾನು ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದೆನೋ ಅಲ್ಲಿಗೇ ಬಂದಿದ್ದೆ. ಮೊದಲ ಸಲ ಆ ವಿಭಾಗವನ್ನು ತೆರೆದೆ. ಪುಟ ನಿಧಾನವಾಗಿ ಮೇಲಿನಿಂದ ಕೆಳಗೆ ಇಳಿಯಿತು.

ಅಲ್ಲಿ ಮಧು ಒಬ್ಬಳೇ ಇದ್ದಳು. ಜೂನಿನಿಂದ ಒಂಬತ್ತು ಸಲ ಬರೆದಿದ್ದಳು. ಇವತ್ತು ಅಡುಗೆ ಮಾಡಿದೆ. ಇವತ್ತು ಅಮ್ಮನ ಮನೆಗೆ ಹೋದೆ. ಇವತ್ತು ಯಾಕೋ ಏಳಲಾಗಲಿಲ್ಲ. ಪ್ರತಿಯೊಂದರ ಕೆಳಗೂ ಉತ್ತರಗಳು ಅಂತಿದ್ದ ಕಡೆ ಒಂದು ಸೊನ್ನೆ. ನಾಲ್ಕನೆಯದು ಆಗಸ್ಟ್ ಮೊದಲ ವಾರದ್ದು, ನಾನು ‘ಜ್ವರ ಬಂದಿತ್ರಿ’ ಅಂತ ಬರೆದ ದಿನದ ಮುನ್ನಾ ದಿನದ್ದು.

“ನನಗೆ ಆ ಗುಂಪಿನಲ್ಲಿ ಬರೆಯಲು ಬಿಡುತ್ತಿಲ್ಲ. ಯಾರಾದರೂ ಇದನ್ನು ಓದಿದರೆ ಬೈಲಹೊಂಗಲದ ಮಂಜುಳಾ ಎಲ್ಲಿ ಅಂತ ಕೇಳಿ ಹೇಳುತ್ತೀರಾ? ಒಂದು ವಾರದಿಂದ ಕಾಣಿಸುತ್ತಿಲ್ಲ. ಅವರಿಗೆ ವಾಂತಿ ತುಂಬಾ ಇತ್ತು. ಬಿಸ್ಕತ್ತು ತಿಂದ ಮೇಲೆ ಕಡಿಮೆ ಆಯಿತೋ ಇಲ್ಲವೋ, ಅವರು ಹೇಳಲೇ ಇಲ್ಲ.”

ಬಸಯ್ಯನವರು ಊಟ ಮುಗಿಸಿ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ನಾನು ಕಣ್ಣು ಒರೆಸಿಕೊಳ್ಳಲಿಲ್ಲ. ಆ ಸೊನ್ನೆಯ ಮೇಲೆ ಒತ್ತಿ, ಬೆರಳು ನಿಲ್ಲುವ ಮೊದಲೇ ಬರೆದೆ.

ಮಧು ಅವರೇ, ನಾನು ಮಂಜುಳಾ. ಕಡಿಮೆ ಆಯಿತು.